ಕೆಂಪು ಚುಕ್ಕೆಯ ಮುಚ್ಚಳ

ದೊಡ್ಡಮ್ಮನ ಕೈಗುಣದ ಬಗ್ಗೆ ಆ ಪ್ರಯೋಗಾಲಯದಲ್ಲಿ ಎರಡು ಮಾತಿರಲಿಲ್ಲ. ಬೇರೆಯವರ ಕೈಯಲ್ಲಿ ಮೂರೇ ದಿನಕ್ಕೆ ಮುದುಡಿಕೊಳ್ಳುವ ಜೀವಕೋಶಗಳು ಅವಳ ಕೈಯಲ್ಲಿ ಮೂರು ವಾರ ಆರಾಮಾಗಿ ಇರುತ್ತಿದ್ದವು. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಅದೊಂದೇ. ಅಂಗೈಯಗಲದ ಪ್ಲಾಸ್ಟಿಕ್ ಡಿಶ್‌ಗಳಲ್ಲಿ ಬೆಳೆಯುವ ಕೋಶಗಳಿಗೆ ಹೊತ್ತು ಹೊತ್ತಿಗೆ ಹಳೇ ನೀರು ತೆಗೆದು ಹೊಸ ನೀರು ಹಾಕುವುದು, ಮೈಬಿಸಿಯಷ್ಟೇ ಕಾವಿರುವ ಪೆಟ್ಟಿಗೆಯೊಳಗೆ ಇಡುವುದು, ದಿನಕ್ಕೊಮ್ಮೆ ಸೂಕ್ಷ್ಮದರ್ಶಕದಲ್ಲಿ ಇಣುಕಿ ಹೇಗಿದ್ದಾವೆ ಅಂತ ವಿಚಾರಿಸಿಕೊಳ್ಳುವುದು. ನೀರು ಅಂದರೆ ಬರೀ ನೀರಲ್ಲ. ಸಕ್ಕರೆ, ಉಪ್ಪು, ಜೊತೆಗೆ ರಕ್ತದಿಂದ ತೆಗೆದ ಸೀರಂ ಎಲ್ಲ ಸೇರಿದ ಕೆಂಪಗಿನ ದ್ರವ. ಅದಕ್ಕೆ ಓದಿದವರು ಇಟ್ಟ ಹೆಸರು ಬೇರೆ ಇದೆ. ದೊಡ್ಡಮ್ಮ ಮಾತ್ರ ನೀರು ಅಂತಲೇ ಅನ್ನುತ್ತಿದ್ದಳು, ಯಾರು ತಿದ್ದಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವಳು ಎಲ್ಲರಿಗೂ ದೊಡ್ಡಮ್ಮನಾದದ್ದು ನಾಲ್ಕು ವರ್ಷದ ಹಿಂದೆ. ತೀರಿಕೊಂಡ ತಂಗಿಯ ಮಗಳು, ಒಂಬತ್ತನೇ ವಯಸ್ಸಿನಿಂದ ಇವಳೇ ಸಾಕಿ ಬೆಳೆಸಿದ ಹುಡುಗಿ, ಅದೇ ಪ್ರಯೋಗಾಲಯಕ್ಕೆ ಸಂಶೋಧನೆ ಮಾಡಲು ಬಂದಳು. ಕೆಲಸದ ಜಾಗದಲ್ಲಿ ನೆಂಟಸ್ತಿಕೆ ಬೇಡ ಅಂತ ಮನೆಯಲ್ಲಿ ನೂರು ಸಲ ಮಾತಾಗಿತ್ತು. ಮೊದಲ ದಿನವೇ, ಅದೂ ಸಂಶೋಧನೆಯ ಹೊಣೆ ಹೊತ್ತ ಮೇಷ್ಟ್ರ ಎದುರಿಗೆ, ಹುಡುಗಿ "ದೊಡ್ಡಮ್ಮಾ, ನನ್ನ ಊಟದ ಡಬ್ಬಿ ನಿನ್ನ ಚೀಲದಲ್ಲೇ ಉಳೀತು!" ಅಂತ ಕೂಗಿಬಿಟ್ಟಳು. ಮುಗೀತಲ್ಲ! ಅಂದಿನಿಂದ ಮೇಷ್ಟ್ರಿಗೂ ಅವಳು ದೊಡ್ಡಮ್ಮ, ಬಾಗಿಲು ಕಾಯುವವನಿಗೂ ದೊಡ್ಡಮ್ಮ. ಹುಡುಗಿಯನ್ನು ಮನೆಯಲ್ಲಿ ಚೂಟಿ ಅಂತ ಕರೆಯುತ್ತಿದ್ದರು. ಆ ಹೆಸರೂ ಅವಳ ಹಿಂದೆಯೇ ಬಂದು ಅಲ್ಲಿ ಬೀಡುಬಿಟ್ಟಿತು.

ಚೂಟಿಯ ಮೊದಲ ಎರಡು ವರ್ಷ ನೀರಿನಲ್ಲಿ ಹೋಮವಾಯಿತು. ಅವಳು ಹುಡುಕುತ್ತಿದ್ದ ಉತ್ತರವನ್ನು ಇನ್ನೆಲ್ಲೋ ಇನ್ಯಾರೋ ಮೊದಲೇ ಹುಡುಕಿ ಅಚ್ಚು ಹಾಕಿಸಿಬಿಟ್ಟರು. ಆ ಸಂಜೆ ಮನೆಗೆ ಬಂದವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ವಾರ! ಸರಿಯಾಗಿ ಊಟವಿಲ್ಲ, ಮಾತಿಲ್ಲ, ಗೋಡೆಯ ಕಡೆ ಮುಖ. ದೊಡ್ಡಮ್ಮ ಬೇಡಿಕೊಂಡಳು, ಗದರಿಸಿದಳು, ಅತ್ತಳು. ಕೊನೆಗೆ ಮಾತೆಲ್ಲ ಬಿಟ್ಟು, ಆ ದಾರಿಯಲ್ಲಿ ಓಡಾಡುವಾಗಲೆಲ್ಲ ಬಾಗಿಲಿಗೆ ಎರಡು ಸಲ ತಟ್ಟಿ ನಿಲ್ಲುತ್ತಿದ್ದಳು. ಒಳಗಿನಿಂದ ಒಂದು ಸಲ ತಟ್ಟಿದ ಸದ್ದು ಬಂದರೆ ಹುಡುಗಿ ಇದ್ದಾಳೆ ಅಂತ ಅರ್ಥ. ಅಷ್ಟು ಸಿಕ್ಕರೆ ಸಾಕು, ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಉತ್ತರ ಬರಲಿಲ್ಲ. ಅಂದು ಪಕ್ಕದ ಮನೆಯವರನ್ನು ಕರೆದು ಬಾಗಿಲು ಒಡೆಸಿ, ಹುಡುಗಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದಾಯಿತು. ಉಳಿದಳು. ಹೊಸ ಬಾಗಿಲಿಗೆ ಒಳಗಿನಿಂದ ಚಿಲಕವೇ ಇಡಿಸಲಿಲ್ಲ.

ಇದಾದ ಮೇಲೆ ಮೇಷ್ಟ್ರು ಕೊಟ್ಟ ಹೊಸ ವಿಷಯವಾದರೂ ಎಂಥದ್ದು? ಕೋಶಗಳ ಸಾವು!

"ಅಲ್ಲಾ ಕಣೇ, ಇಷ್ಟು ದೊಡ್ಡ ಪ್ರಪಂಚದಲ್ಲಿ ಬೇರೆ ವಿಷಯ ಸಿಗಲಿಲ್ವಾ ನಿಮ್ಮ ಮೇಷ್ಟ್ರಿಗೆ?" ಎಂದು ದೊಡ್ಡಮ್ಮ ಹರಿಹಾಯ್ದಳು. ಚೂಟಿ ಈರುಳ್ಳಿ ಹೆಚ್ಚುತ್ತಲೇ ನಕ್ಕಳು. ತಿಂಗಳುಗಳ ಮೇಲೆ ಕಂಡ ನಗು ಅದು.

"ಸಾಯೋದರ ಬಗ್ಗೆ ಅಲ್ಲ ದೊಡ್ಡಮ್ಮ, ಸಾಯದೇ ಇರೋದರ ಬಗ್ಗೆ. ಕೇಳಿಲ್ಲಿ. ಪ್ರತಿ ಕೋಶದ ಒಳಗೂ ಅದನ್ನ ಸಾಯಿಸೋ ಕತ್ತರಿ ಮೊದಲಿಂದಲೇ ಇರುತ್ತೆ. ಮಡಚಿಟ್ಟಿರುತ್ತೆ ಅಷ್ಟೆ. ಅಕ್ಕಪಕ್ಕದ ಕೋಶಗಳು 'ಇರು, ಇರು' ಅಂತ ಸುದ್ದಿ ಕಳಿಸ್ತಾನೇ ಇರ್ತವೆ. ಆ ಸುದ್ದಿ ಬಂದು ಬಾಗಿಲು ತಟ್ಟುತ್ತೆ. ಒಳಗಿರೋರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿ, ಕತ್ತರಿ ಹಿಡಿದೋನ ತನಕ ಮುಟ್ಟಿಸ್ತಾರೆ. ಇವತ್ತು ಬೇಡ ಕಣೋ ಅಂತ. ಅವನು ಸುಮ್ಮನಾಗ್ತಾನೆ."

"ಸುದ್ದಿ ಬರದೇ ಹೋದ್ರೆ?"

"ಸ್ವಲ್ಪ ಹೊತ್ತು ಕಾಯ್ತಾನೆ. ಆಮೇಲೆ ಕತ್ತರಿಸೋಕೆ ಶುರು. ಅದೂ ಗಲಾಟೆ ಇಲ್ಲದೆ. ಏಟು ಬಿದ್ದು ಸಾಯೋ ಕೋಶ ಒಡೆದು ಚೆಲ್ಲುತ್ತೆ, ಸುತ್ತಮುತ್ತ ಊದಿಕೊಳ್ಳುತ್ತೆ. ಇದು ಹಾಗಲ್ಲ. ತನ್ನನ್ನ ತಾನೇ ಸಣ್ಣ ಸಣ್ಣ ಗಂಟು ಕಟ್ಟಿಟ್ಟು ಹೋಗಿಬಿಡುತ್ತೆ. ಪಕ್ಕದವು ಆ ಗಂಟುಗಳನ್ನ ನುಂಗಿಬಿಡ್ತವೆ. ಇತ್ತು ಅನ್ನೋ ಗುರುತೂ ಉಳಿಯಲ್ಲ."

ದೊಡ್ಡಮ್ಮ ಹೆಚ್ಚಿದ ಈರುಳ್ಳಿಯನ್ನು ಬಾಣಲೆಗೆ ಹಾಕುವುದನ್ನೂ ಮರೆತು ನಿಂತಿದ್ದಳು. ಎಣ್ಣೆ ಹೊಗೆಯಾಡಿ ಅಡುಗೆಮನೆಯೆಲ್ಲ ಘಾಟು ತುಂಬಿತು.

ಕೆಲವು ಕಾಯಿಲೆಗಳಲ್ಲಿ ನರಕೋಶಗಳು ಹೀಗೆ ಸುದ್ದಿಯಿಲ್ಲದೆ ಒಂದೊಂದಾಗಿ ಗಂಟು ಕಟ್ಟಿಕೊಂಡು ಹೋಗುತ್ತವಂತೆ. ಹೊರಗಿನಿಂದ ಯಾರೂ ಬಾಗಿಲು ತಟ್ಟದಿದ್ದರೂ ಒಳಗೇ ನಿಂತು ಕತ್ತರಿ ಹಿಡಿದವನ ಕೈ ತಡೆಯುವಂಥ ಒಂದು ಪುಡಿಯನ್ನು ಚೂಟಿ ಪರೀಕ್ಷೆ ಮಾಡುತ್ತಿದ್ದಳು. ಪರೀಕ್ಷೆ ಕಷ್ಟದ್ದೇನಲ್ಲ. ಹನ್ನೆರಡು ಡಿಶ್ ನರಕೋಶ. ಆರರ ಮುಚ್ಚಳಕ್ಕೆ ಕಪ್ಪು ಚುಕ್ಕೆ, ಆರಕ್ಕೆ ಕೆಂಪು ಚುಕ್ಕೆ. ಹಳೇ ನೀರಿನಲ್ಲಿ "ಇರು" ಅನ್ನುವ ಸುದ್ದಿ ಕರಗಿರುತ್ತದಲ್ಲ, ಅದು ಹನಿಯಷ್ಟೂ ಉಳಿಯದಂತೆ ಉಪ್ಪುನೀರು ಹಾಕಿ ಮೂರು ಸಲ ತೊಳೆಯಬೇಕು. ಆಮೇಲೆ ಸೀರಂ ಇಲ್ಲದ ಸಪ್ಪೆ ನೀರು. ಕಪ್ಪಿಗೆ ಅಷ್ಟೇ, ಕೆಂಪಿಗೆ ಅದರ ಜೊತೆಗೆ ಪುಡಿ. ಎರಡು ದಿನ ಬಿಟ್ಟು ಎಷ್ಟು ಉಳಿದವು ಅಂತ ಎಣಿಸುವುದು.

ತೊಳೆಯುವ ಕೆಲಸ ದೊಡ್ಡಮ್ಮನದು. ಯಾವುದು ಯಾವ ಡಿಶ್ ಅಂತ ತೊಳೆಯುವವರಿಗೆ ಗೊತ್ತಾಗಬಾರದು, ಚುಕ್ಕೆಯ ಮೇಲೆ ಕಾಗದ ಅಂಟಿಸಬೇಕು ಅಂತ ನಿಯಮವಿತ್ತು. ಮೊದಲ ಸಲ ಚೂಟಿ ಅಂಟಿಸಲು ಹೋಗಿ, "ಏ, ತೊಳೆಯೋಳು ನೀನೇ ಅಲ್ವಾ! ನಿನ್ನ ಹತ್ರ ಎಂಥ ಮುಚ್ಚುಮರೆ" ಅಂತ ಕಾಗದವನ್ನು ಮುದುರಿ ಬುಟ್ಟಿಗೆ ಎಸೆದಳು. ದೊಡ್ಡಮ್ಮನಿಗೆ ಆ ಮಾತು ಕೇಳಿ ಖುಷಿಯೇ ಆಗಿತ್ತು.

ಆ ಮೊದಲ ಸಲವೇ ಒಂದು ಅವಾಂತರವಾಯಿತು. ಮೂರನೆಯ ಸಲ ತೊಳೆಯುವಾಗ ಒಂದು ಕೆಂಪು ಚುಕ್ಕೆಯ ಡಿಶ್‌ನಲ್ಲಿ ಕೋಶಗಳ ಪದರವೇ ತಳ ಬಿಟ್ಟು, ಕಾಯಿಸಿದ ಹಾಲಿನ ಕೆನೆ ಜಾರಿದ ಹಾಗೆ, ಇಡಿಯಾಗಿ ಎದ್ದು ಬಂತು. ಚೂಟಿ ಡಿಶ್ ಹಿಡಿದು ನಿಂತು ಸುಮ್ಮನೆ ಕಣ್ಣೀರು ಹಾಕಿದಳು. ಈ ಹುಡುಗಿ ಇನ್ನೊಮ್ಮೆ ಗೋಡೆಯ ಕಡೆ ತಿರುಗಿದರೆ ತಾನು ಉಳಿಯುವುದಿಲ್ಲ ಅಂತ ದೊಡ್ಡಮ್ಮನಿಗೆ ಅನ್ನಿಸಿತು.

ಆದರೆ ಉಳಿದ ಐದು ಕೆಂಪು ಡಿಶ್‌ಗಳು ಚೆನ್ನಾಗಿ ಬಂದವು. ಕಪ್ಪಿನವು ಬಹುಪಾಲು ಸತ್ತವು, ಕೆಂಪಿನವು ನೂರಕ್ಕೆ ಎಪ್ಪತ್ತು ಉಳಿದವು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ಎರಡು ವರ್ಷದಲ್ಲಿ ಆರು ಸಲ ಮಾಡಿದರೂ ಉತ್ತರ ಕದಲಲಿಲ್ಲ. ಮೇಷ್ಟ್ರು ಕೋಣೆಯಿಂದ ಕೋಣೆಗೆ ಹಾರಾಡಿದರು. ಬರುವ ಶುಕ್ರವಾರ ವರದಿ ಅಚ್ಚಿಗೆ ಹೋಗಬೇಕು, ಅದರ ಬೆನ್ನಿಗೇ ಪುಡಿ ದೊಡ್ಡ ಆಸ್ಪತ್ರೆಯವರ ಕೈಗೆ ಅಂತೆಲ್ಲ ಗೊತ್ತಾಯಿತು. ಚೂಟಿ ಹಾಡು ಗುನುಗಿಕೊಂಡು ಮೆಟ್ಟಿಲಿಳಿಯುತ್ತಿದ್ದಳು, ಎರಡು ಮೊಟ್ಟೆ ಹೆಚ್ಚಿಗೆ ತಿನ್ನುತ್ತಿದ್ದಳು.

ಏಳನೆಯದು, ಕೊನೆಯದು, ಬರೀ ಖಾತ್ರಿಗೆ. ಅದನ್ನು ಮಾಡಬೇಕಾದ ವಾರವೇ ದೊಡ್ಡಮ್ಮ ಮನೆಯಲ್ಲಿ ಒಡೆದ ಲೋಟ ಎತ್ತಲು ಹೋಗಿ ಹೆಬ್ಬೆರಳು ಸೀಳಿಕೊಂಡಳು. ಗಾಯವಿದ್ದವರು ಕೋಶದ ಕೋಣೆಯೊಳಗೆ ಕಾಲಿಡುವಂತಿಲ್ಲ. ಅವಳ ಬದಲಿಗೆ ಕೂತವನು ಇಸ್ತ್ರಿ.

ಇಸ್ತ್ರಿ ಅಂದರೆ ಪಾತ್ರೆ ತೊಳೆದು ಆವಿಯಲ್ಲಿ ಬೇಯಿಸಿಡುವ ವಿಭಾಗದ ಹಿರಿಯ ಕೆಲಸಗಾರ. ಬಿಳಿ ಕೋಟಿನ ಗೆರೆ ಒಂದು ದಿನವೂ ಕೆಡದಂತೆ ಇಟ್ಟುಕೊಳ್ಳುತ್ತಿದ್ದುದರಿಂದ ಆ ಹೆಸರು. ನಿವೃತ್ತಿಗೆ ಇನ್ನೆರಡು ವರ್ಷ. ಕೋಶದ ಕೆಲಸವನ್ನೂ ಕಲಿತವನೇ, ಆದರೆ ಮನುಷ್ಯ ಕಾಗದದಲ್ಲಿ ಬರೆದದ್ದು ಬಿಟ್ಟು ಒಂದು ಕೂದಲೆಳೆ ಆಚೀಚೆ ಹೋಗುವವನಲ್ಲ. ಒಂದು, ಎರಡು, ಮೂರು ಅಂತ ಬಾಯಿಬಿಟ್ಟು ಎಣಿಸಿಕೊಂಡು ತೊಳೆದ. ಎರಡು ದಿನ ಬಿಟ್ಟು, ಸೋಮವಾರ ಬೆಳಿಗ್ಗೆ ನೋಡಿದರೆ ಹನ್ನೆರಡು ಡಿಶ್‌ಗೆ ಹನ್ನೆರಡೂ ಸತ್ತಿದ್ದವು. ಕಪ್ಪೂ ಇಲ್ಲ, ಕೆಂಪೂ ಇಲ್ಲ!

ಚೂಟಿಗೆ ಮೈಮೇಲೆ ಬಂದಂತಾಯಿತು. "ಏನ್ ಮಾಡಿದ್ರಿ ನನ್ನ ಡಿಶ್‌ಗೆ? ಬಿಸಿ ನೀರು ಹಾಕಿದ್ರಾ? ಮರೆತು ಹೊರಗಿಟ್ಟಿದ್ರಾ? ಬಾಯಿಬಿಡಿ!"

"ಬರೆದಿದ್ದ ಹಾಗೇ ಮಾಡಿದ್ದೀನಿ ಕಣಮ್ಮ" ಎಂದ ಇಸ್ತ್ರಿ. ಎಷ್ಟು ಸಲ ಕೇಳಿದರೂ ಅದೇ ಮಾತು. ಅದೇ ಮಾತು ಕೇಳಿ ಕೇಳಿ ಮೇಷ್ಟ್ರ ಪಿತ್ತ ನೆತ್ತಿಗೇರಿತು. ಶುಕ್ರವಾರ ವರದಿಯ ಜೊತೆಗೇ ಇವನ ಮೇಲೊಂದು ದೂರೂ ಹೋಗುತ್ತದೆ, ಇವನನ್ನು ಅನಿಲದ ಸಿಲಿಂಡರ್ ಹೊರುವ ಕಡೆ ಹಾಕುತ್ತೇನೆ ಎಂದರು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಮನುಷ್ಯ ಸಿಲಿಂಡರ್ ಹೊರುವುದೆಂದರೆ ಮನೆಗೆ ಹೋಗು ಅಂದಂತೆಯೇ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಒಂದ್ಸಲ ಇವರ ಮುಂದೆ ಮಾಡಿ ತೋರಿಸಿ ದೊಡ್ಡಮ್ಮ. ಎಲ್ಲಿ ಎಡವಿದ್ದಾರೆ ಅಂತ ಇವರಿಗೂ ಗೊತ್ತಾಗಲಿ" ಎಂದರು.

ಕೋಶದ ಕೋಣೆಗೆ ಹೋಗುವಂತಿರಲಿಲ್ಲವಲ್ಲ, ಪಾತ್ರೆ ತೊಳೆಯುವ ಕೋಣೆಯ ಕಲ್ಲುಕಟ್ಟೆಯ ಮೇಲೆ ಬಿಸಾಡಲು ಇಟ್ಟಿದ್ದ ನಾಲ್ಕು ಹಳೇ ಡಿಶ್ ಜೋಡಿಸಿಕೊಂಡಳು. ಎರಡು ಕಪ್ಪು, ಎರಡು ಕೆಂಪು. ಬೇರೆ ಯಾರೂ ಇರಲಿಲ್ಲ. ಇಸ್ತ್ರಿ ಕನ್ನಡಕ ಏರಿಸಿಕೊಂಡು, ಸಣ್ಣ ಪುಸ್ತಕ ತೆರೆದು ಪಕ್ಕದಲ್ಲಿ ನಿಂತ. ದೊಡ್ಡಮ್ಮನ ಕೈ ತನ್ನ ಪಾಡಿಗೆ ತಾನು ಆಡಿತು. ಹೀರಿತು, ಹೊಯ್ದಿತು, ಅಲುಗಿಸಿತು. ನಾಲ್ಕು ನಿಮಿಷದಲ್ಲಿ ಮುಗಿಯಿತು.

"ನೋಡ್ಕೊಂಡ್ರಾ? ಇಷ್ಟೇ ಕೆಲಸ."

ಇಸ್ತ್ರಿ ಪುಸ್ತಕವನ್ನೇ ನೋಡುತ್ತಿದ್ದ. "ಕಪ್ಪಿಗೆ ಮೂರು ಸಲ ತೊಳೆದ್ರಿ. ಕೆಂಪಿಗೆ ಒಂದೇ ಸಲ."

"ಏನಂದ್ರಿ?"

"ಕೆಂಪಿಗೆ ಒಂದೇ ಸಲ ದೊಡ್ಡಮ್ಮ. ಅದೂ ಡಿಶ್‌ನ ಅಂಚಿನಿಂದ, ಮೆಲ್ಲಗೆ. ಹಳೇ ನೀರು ತಳದಲ್ಲಿ ಒಂಚೂರು ಬಿಟ್ರಿ. ಎರಡು ಡಿಶ್‌ಗೂ ಹಾಗೇ. ಗೆರೆ ಹಾಕಿದ್ದೀನಿ ನೋಡಿ." ಪುಸ್ತಕ ಮುಂದೆ ಹಿಡಿದ. ಅವನ ದನಿಯಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. "ಬೇರೆ ಕಾಗದದಲ್ಲಿ ಹೀಗಂತ ಬರೆದಿದೆಯಾ? ನಂಗೆ ಕೊಟ್ಟಿರೋದ್ರಲ್ಲಿ ಎರಡಕ್ಕೂ ಮೂರು ಅಂತಿದೆ."

"ನಿಮಗೆ ಎಣಿಸೋಕೆ ಬರಲ್ವಾ?" ಎಂದು ದೊಡ್ಡಮ್ಮ ರೇಗಿದಳು. "ಇಪ್ಪತ್ತೆರಡು ವರ್ಷದಿಂದ ಮಾಡ್ತಿದ್ದೀನಿ!" ಇನ್ನೆರಡು ಡಿಶ್ ಎಳೆದುಕೊಂಡಳು. ಕಪ್ಪಿಗೆ ಒಂದು, ಎರಡು, ಮೂರು. ಕೆಂಪು ಮುಚ್ಚಳ ತೆಗೆದಳು, ಒಂದು. ಅಷ್ಟು ಮಾಡಿ ಅವಳ ಕೈ ಉಪ್ಪುನೀರಿನ ಶೀಶೆ ಬಿಟ್ಟು ಹೊಸ ನೀರಿನ ಶೀಶೆಯ ಕಡೆ ಹೋಯಿತು. ಅವಳು ಕಳಿಸಿದ್ದಲ್ಲ, ಅದಾಗಿಯೇ ಹೋಯಿತು. ದೊಡ್ಡಮ್ಮ ಗಾಳಿಯಲ್ಲಿ ನಿಂತ ತನ್ನ ಕೈಯನ್ನೇ ನೋಡಿದಳು.

ಗೊತ್ತೇ ಇರಲಿಲ್ಲ ಅಂತ ಹೇಳಿದರೆ ಅವಳ ಮನಸ್ಸೇ ಒಪ್ಪುತ್ತಿರಲಿಲ್ಲ. ಪದರ ಎದ್ದು ಹೋದ ಆ ದಿನದ ಮೇಲೆ ಕೆಂಪು ಚುಕ್ಕೆ ಕಂಡ ಕೂಡಲೇ ಬೆರಳು ಮೆತ್ತಗಾಗುತ್ತಿದ್ದುದು ಅವಳಿಗೆ ಒಳಗೊಳಗೇ ತಿಳಿದಿತ್ತು. ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ಜೋಪಾನ ಮಾಡುತ್ತ ಮಾಡುತ್ತ ತಳದಲ್ಲಿ ಹಳೇ ನೀರು ಬಿಟ್ಟಿದ್ದಳು, ಅದರಲ್ಲಿದ್ದ "ಇರು" ಅನ್ನುವ ಸುದ್ದಿಯನ್ನೂ ಬಿಟ್ಟಿದ್ದಳು. ಹಾಗಾದರೆ ಕೋಶಗಳನ್ನು ಉಳಿಸಿದ್ದು ಆ ಪುಡಿಯೋ, ಈ ಕೈಯೋ?

"ಇಸ್ತ್ರಿಯವರೇ, ಇದನ್ನ ಸದ್ಯಕ್ಕೆ ಯಾರಿಗೂ ಹೇಳಬೇಡಿ" ಎಂದಳು.

"ನಾನು ಹೇಳಿದ್ರೆ ಯಾರು ಕೇಳ್ತಾರೆ ದೊಡ್ಡಮ್ಮ" ಎಂದು ಇಸ್ತ್ರಿ ಪುಸ್ತಕ ಮುಚ್ಚಿ ಜೇಬಿಗಿಟ್ಟುಕೊಂಡ. ಆಮೇಲೆ ಅವಳು ಬಳಸಿದ ಡಿಶ್‌ಗಳನ್ನೆಲ್ಲ ತಾನೇ ಎತ್ತಿ ಕಸಕ್ಕೆ ಹಾಕಿದ.

ಆ ಸಂಜೆ ದೊಡ್ಡಮ್ಮ ಕಳ್ಳತನದಲ್ಲಿ ಒಂದು ಕೆಲಸ ಮಾಡಿದಳು. ಗಾಯದ ಬೆರಳಿಗೆ ಪಟ್ಟಿ ಸುತ್ತಿ, ಒಂದರ ಮೇಲೊಂದು ಎರಡು ಕೈಗವಸು ಹಾಕಿಕೊಂಡು, ನಿಯಮ ಮುರಿದು ಒಳಗೆ ಹೋದಳು. ನಾಲ್ಕು ಡಿಶ್ ತೆಗೆದುಕೊಂಡಳು. ಪುಡಿ ಹಾಕುವ ಎರಡನ್ನು ಹಲ್ಲು ಕಚ್ಚಿಕೊಂಡು ಮೂರು ಸಲ ತೊಳೆದಳು. ಪುಡಿ ಇಲ್ಲದ ಎರಡನ್ನು ಒಂದೇ ಸಲ, ಅಂಚಿನಿಂದ, ಮೆಲ್ಲಗೆ. ಎರಡು ದಿನ ಯಾರ ಕೈಗೂ ಸಿಗದಂತೆ ಕಾವುಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ ಇಟ್ಟಳು.

ಆ ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಸುಮ್ಮನಿದ್ದುಬಿಡುವುದು ಎಷ್ಟು ಸುಲಭ! ಇಸ್ತ್ರಿ ಸಿಲಿಂಡರ್ ಕಡೆ ಹೋಗುತ್ತಾನೆ. ಹತ್ತು ದಿನದಲ್ಲಿ ಬೆರಳು ಮಾಯುತ್ತದೆ. ಮತ್ತೆ ತಾನೇ ತೊಳೆಯುತ್ತಾಳೆ, ಕೆಂಪಿನವು ಮತ್ತೆ ಉಳಿಯುತ್ತವೆ. ಚೂಟಿಗೆ ಪದವಿ ಸಿಗುತ್ತದೆ, ಹುಡುಗಿ ಬದುಕಿಕೊಳ್ಳುತ್ತಾಳೆ. ಆದರೆ ಏನೂ ತಪ್ಪು ಮಾಡದ ಮನುಷ್ಯ ಈ ವಯಸ್ಸಿನಲ್ಲಿ ಕಬ್ಬಿಣ ಹೊರುತ್ತಾನೆ. ಆ ಪುಡಿ ನಾಳೆ ಯಾವುದೋ ಮನೆಯವರ ಕೈಸೇರುತ್ತದೆ, ಅವರು ಅದನ್ನೇ ನಂಬಿಕೊಂಡು ಕೂರುತ್ತಾರೆ. ಅಲ್ಲಿ ಹಳೇ ನೀರು ಬಿಡಲು ಯಾವ ದೊಡ್ಡಮ್ಮನೂ ಇರುವುದಿಲ್ಲ. ಹೇಳಿದರೆ? ಹೇಳಿದರೆ ಚೂಟಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳಿಗಿದ್ದ ಭಯ ಅದೊಂದೇ, ಮಿಕ್ಕಿದ್ದೆಲ್ಲ ಅದರ ಮುಂದೆ ಯಾವ ಲೆಕ್ಕ.

ಬುಧವಾರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೂರು ಸಲ ತೊಳೆದು ಪುಡಿ ಹಾಕಿದ್ದವು ಸತ್ತಿದ್ದವು. ತೆಳ್ಳಗೆ ಕೈಚಾಚಿ ಒಂದನ್ನೊಂದು ಮುಟ್ಟಿಕೊಂಡಿರಬೇಕಾದ ಕೋಶಗಳು ಕೈ ಎಳೆದುಕೊಂಡು, ಗುಂಡಗಾಗಿ, ಗುಳ್ಳೆ ಗುಳ್ಳೆಯಾಗಿ ಒಡೆದು, ಸಣ್ಣ ಗಂಟುಗಳಾಗಿ ತೇಲುತ್ತಿದ್ದವು. ಪುಡಿಯಿಲ್ಲದೆ ಮೆಲ್ಲಗೆ ತೊಳೆದವು ಕೈಗೆ ಕೈ ಕೊಟ್ಟುಕೊಂಡು ಹಾಯಾಗಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬದುಕಿದ ಕೋಶಗಳನ್ನು ಕಂಡು ದೊಡ್ಡಮ್ಮ ಮುಖ ತಿರುಗಿಸಿದಳು. ನಾಲ್ಕರದ್ದೂ ಚಿತ್ರ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಊಟದ ಮೇಜಿನ ಮೇಲೆ ನಾಲ್ಕೂ ಚಿತ್ರ ಹರಡಿ ಇದ್ದದ್ದು ಇದ್ದಹಾಗೆ ಹೇಳಿದಳು. ಚೂಟಿ ಚಿತ್ರಗಳನ್ನು ಒಂದೊಂದಾಗಿ ದೀಪದ ಹತ್ತಿರ ಹಿಡಿದು ನೋಡಿದಳು.

"ಆರೂ ಸಲವೂ ಹಾಗೇನಾ?"

"ಆ ಪದರ ಎದ್ದು ಹೋಯ್ತಲ್ಲ, ನೀನು ಅತ್ತೆಯಲ್ಲ, ಅವತ್ತು ಉಳಿದವನ್ನ ತೊಳೀಬೇಕಾದ್ರೇ ಶುರುವಾಗಿದ್ದು. ಆರೂ ಸಲ."

"ಯಾಕೆ ದೊಡ್ಡಮ್ಮ?"

"ಕೈ ಬರಲಿಲ್ಲ ಕಣೇ."

"ಕೈ ಬರಲಿಲ್ಲ." ಚೂಟಿ ಆ ಮಾತನ್ನು ಇನ್ನೊಮ್ಮೆ ಹೇಳಿ ನೋಡಿದಳು. "ನಿನ್ನ ಕೈ ಬರಲಿಲ್ಲ ಅಂತ ನನ್ನ ಎರಡು ವರ್ಷ ಹೋಯ್ತು. ಆ ಮೊದಲಿನ ಎರಡು ವರ್ಷ ಬೇರೆ ಯಾರೋ ಕಿತ್ಕೊಂಡ್ರು. ಈ ಎರಡು ವರ್ಷ ನೀನೇ ಕಿತ್ಕೊಂಡೆ. ಆ ಮುದುಕರನ್ನ ನಾನು ಎಲ್ಲರ ಎದುರು ಬಾಯಿಗೆ ಬಂದ ಹಾಗೆ ಬೈದೆ ದೊಡ್ಡಮ್ಮ! ಚುಕ್ಕೆ ಮುಚ್ಚದೇ ಇದ್ದಿದ್ದು ನಾನು, ಬೈಸಿಕೊಂಡಿದ್ದು ಅವರು!"

"ನನ್ನನ್ನ ಬೈಯಿ, ಹೊಡಿ, ಏನಾದ್ರೂ ಮಾಡು. ಒಳಗೆ ಹೋಗಿ ಬಾಗಿಲು ಮಾತ್ರ ಹಾಕ್ಕೋಬೇಡ ಕಣೇ. ನಿನ್ನ ದಮ್ಮಯ್ಯ."

ಚೂಟಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೊಡ್ಡಮ್ಮ ಪಾತ್ರೆ ತೊಳೆದಳು, ಮೇಜು ಒರೆಸಿದಳು, ಬಾಗಿಲ ಹತ್ತಿರ ಹೋಗಿ ಎರಡು ಸಲ ತಟ್ಟಿದಳು. ಉತ್ತರವಿಲ್ಲ. ಕಿವಿಯಿಟ್ಟು ಕೇಳಿದಳು. ಮಂಚ ಕಿರುಗುಟ್ಟಿದ ಸದ್ದು, ಮೂಗು ಎಳೆದ ಸದ್ದು. ಇದ್ದಾಳೆ. ಇದ್ದಾಳೆ ಅನ್ನುವುದು ಬೇರೆ, ಇದ್ದೀನಿ ಅಂತ ಅವಳೇ ತಟ್ಟಿ ಹೇಳುವುದು ಬೇರೆ. ಕುರ್ಚಿ ಎಳೆದುಕೊಂಡು ಅಲ್ಲೇ ಬಾಗಿಲ ಪಕ್ಕದಲ್ಲಿ ಕೂತಳು. ಎರಡು ದಿನದ ಆಯಾಸ, ಕೂತಲ್ಲೇ ಕಣ್ಣು ಹತ್ತಿತು.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು. ಅವಳ ಹೆಗಲ ಮೇಲೆ ಯಾರೋ ಹೊದಿಕೆ ಹೊದಿಸಿದ್ದರು. ದಡಬಡಿಸಿ ಎದ್ದು ಎರಡು ಸಲ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಹೊಸ ಬಾಗಿಲಿಗೆ ಚಿಲಕ ಬೇಡ ಅಂದಾಗ, ಉತ್ತರ ಬರದೆ ಬಾಗಿಲು ತೆಗೆಯುವುದಿಲ್ಲ ಅಂತ ಹುಡುಗಿಗೆ ಕೊಟ್ಟ ಮಾತಿತ್ತು. ಮಾತು ಹಾಳಾಗಿ ಹೋಗಲಿ ಅಂತ ತಳ್ಳಿದಳು. ಕೋಣೆ ಖಾಲಿ. ಹಾಸಿಗೆ ಸುಕ್ಕಿಲ್ಲದಂತೆ ಹಾಸಿತ್ತು. ದಿಂಬಿನ ಮೇಲೆ ಫೋನು. ಆ ಹುಡುಗಿ ಹುಟ್ಟಿದಾಗಿನಿಂದ ಒಂದು ದಿನ ಹಾಸಿಗೆ ಸರಿಮಾಡಿದವಳಲ್ಲ! ತನ್ನನ್ನು ತಾನೇ ಗಂಟು ಕಟ್ಟಿಟ್ಟು, ಇತ್ತು ಅನ್ನುವ ಗುರುತೂ ಉಳಿಸದೆ ಹೋಗುತ್ತದೆ ಅಂತ ಅಂದು ಚೂಟಿ ಅಂದಿದ್ದಳಲ್ಲ, ಅದೇ ಮಾತು ದೊಡ್ಡಮ್ಮನ ತಲೆಯೊಳಗೆ ಗಿರಗಿರ ತಿರುಗಿತು.

ಚಪ್ಪಲಿ ಮೆಟ್ಟಿಕೊಂಡದ್ದೂ ಗೊತ್ತಿಲ್ಲ, ಬಾಗಿಲು ಹಾಕಿದಳೋ ಇಲ್ಲವೋ ಅದೂ ಗೊತ್ತಿಲ್ಲ. ಸೇತುವೆಯ ಹತ್ತಿರ ನಿಂತು ಕೆಳಗೆ ಬಗ್ಗಿ ನೋಡಿದಳು. ಬಸ್ ನಿಲ್ದಾಣದ ಬೆಂಚುಗಳನ್ನು ನೋಡಿದಳು. ಎದುರು ಬಂದವರ ಮುಖವನ್ನೆಲ್ಲ ದಿಟ್ಟಿಸಿದಳು. ಬೇರೆಲ್ಲಿ ಹುಡುಕಬೇಕೋ ತೋಚದೆ ಕಾಲು ಪ್ರಯೋಗಾಲಯದ ಕಡೆಗೇ ನಡೆಯಿತು.

ಮೊದಲ ಮಹಡಿಯ ಓಣಿಯಲ್ಲಿ ಇಸ್ತ್ರಿ ಉಪ್ಪುನೀರಿನ ಶೀಶೆ ಎದೆಗವಚಿಕೊಂಡು ಬರುತ್ತಿದ್ದ. ಅವಳ ಕೆದರಿದ ತಲೆ ನೋಡಿ ನಿಂತ.

"ಚೂಟಿ... ನಮ್ಮ ಚೂಟಿ..." ಎಂದಳು ದೊಡ್ಡಮ್ಮ.

"ಒಳಗಿದ್ದಾರಲ್ಲ. ಬೆಳಿಗ್ಗೆ ಆರಕ್ಕೇ ಬಂದ್ರು, ನಾನಿನ್ನೂ ಬೀಗ ತೆಗೀತಿದ್ದೆ. ನನ್ನ ಎರಡೂ ಕೈ ಹಿಡ್ಕೊಂಡು ತಪ್ಪಾಯ್ತು ಅಂದ್ರು. ಆಮೇಲೆ ಬನ್ನಿ, ನಾನು ತೊಳೀತೀನಿ, ನೀವು ಎಣಿಸಿ ಅಂದ್ರು." ಶೀಶೆ ಸರಿಮಾಡಿಕೊಂಡ. "ಈ ಸಲ ಚುಕ್ಕೆ ಮೇಲೆಲ್ಲ ಕಾಗದ ಅಂಟಿಸಿ ಡಿಶ್‌ಗಳನ್ನ ಹಿಂದುಮುಂದು ಮಾಡಿಬಿಟ್ಟಿದ್ದಾರೆ. ನಂಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ."

ಕೋಶದ ಕೋಣೆಯ ಬಾಗಿಲಿನ ಮೇಲರ್ಧ ಗಾಜು. ಅದರಾಚೆ ಚೂಟಿಯ ಬೆನ್ನು ಕಂಡಿತು. ಬಿಳಿ ಕೋಟು, ಎತ್ತಿ ಕಟ್ಟಿದ ಕೂದಲು, ಎತ್ತರದ ಸ್ಟೂಲು. ಎರಡು ಕೈಯೂ, ಧೂಳು ಸೋಕದಂತೆ ಡಿಶ್ ತೊಳೆಯುವ ಗಾಜಿನ ಗೂಡಿನೊಳಗಿದ್ದವು. ಕೆಲಸ ಮುಗಿಯುವ ತನಕ ಹೊರಗೆ ತೆಗೆಯುವಂತಿಲ್ಲ. ಇಸ್ತ್ರಿ ಒಳಗೆ ಹೋಗಿ ಶೀಶೆ ಇಟ್ಟು ಪಕ್ಕದಲ್ಲಿ ನಿಂತ. ಮುಚ್ಚಿಕೊಂಡ ಬಾಗಿಲಿನ ಮೂಲಕ ಅವನ ದನಿ ಕೇಳಿಸಿತು. "ಒಂದು."

ದೊಡ್ಡಮ್ಮ ಗಾಜಿಗೆ ಎರಡು ಸಲ ತಟ್ಟಿದಳು.

ಚೂಟಿ ತಿರುಗಲಿಲ್ಲ. ಕೈ ಮಾತ್ರ ಒಂದು ಗಳಿಗೆ ನಿಂತು ಮತ್ತೆ ಮುಂದುವರಿಯಿತು. "ಒಳಗೆ ಬರಬೇಡ ದೊಡ್ಡಮ್ಮ" ಎಂದಳು, ಗೂಡಿನ ಕಡೆಗೇ ಮುಖ ಮಾಡಿ, ಗಟ್ಟಿಯಾಗಿ. "ಇನ್ಮೇಲೆ ನನ್ನ ಯಾವ ಡಿಶ್ಶನ್ನೂ ನೀನು ಮುಟ್ಟೋದು ಬೇಡ."

"ಇಲ್ಲ ಕಣೇ. ಮುಟ್ಟಲ್ಲ."

"ಹತ್ತು ಗಂಟೆಗೆ ಮೇಷ್ಟ್ರು ಬರ್ತಾರೆ. ನಾನು ಹೇಳ್ತೀನಿ. ನೀನೂ ಜೊತೆಗೆ ನಿಂತ್ಕೋಬೇಕು."

"ನಿಂತ್ಕೋತೀನಿ."

"ಎರಡು" ಎಂದ ಇಸ್ತ್ರಿ. ಹಳೇ ನೀರು ಸಣ್ಣ ಕೊಳವೆಯಲ್ಲಿ ಕೊನೆಯ ಹನಿಯ ತನಕ ಏರಿ ಕಸದ ಶೀಶೆಗೆ ಹೋಗುತ್ತಿತ್ತು. ಈ ಸಲ ಕೋಶಗಳು ಉಳಿಯುವುದಿಲ್ಲ ಅಂತ ದೊಡ್ಡಮ್ಮನಿಗೆ ಗೊತ್ತಿತ್ತು, ಚೂಟಿಗೂ ಗೊತ್ತಿತ್ತು. ಆದರೂ ಹುಡುಗಿಯ ಕೈ ಮತ್ತೆ ಉಪ್ಪುನೀರಿನ ಶೀಶೆಗೇ ಹೋಯಿತು. ದೊಡ್ಡಮ್ಮ ಬೆರಳು ಗಾಜಿನ ಮೇಲಿಟ್ಟುಕೊಂಡು ಹಾಗೇ ನಿಂತಳು. ಇನ್ನೊಮ್ಮೆ ತಟ್ಟಲು ಅವಳಿಗೆ ಧೈರ್ಯ ಬರಲಿಲ್ಲ.

ಆಗ ಚೂಟಿಯ ಬಲಗಾಲು ಸ್ವಲ್ಪ ಹಿಂದಕ್ಕೆ ಬಂತು. ಹಿಮ್ಮಡಿ ಸ್ಟೂಲಿನ ಕಬ್ಬಿಣದ ಕಾಲಿಗೆ ಟಣ್ ಅಂತ ಒಂದು ಸಲ ಬಡಿಯಿತು.

ಇಸ್ತ್ರಿ ಬೆಚ್ಚಿ ನೆಲ ನೋಡಿದ. "ಏನಾಯ್ತಮ್ಮ? ಏನಾದ್ರೂ ಬಿತ್ತಾ?"

"ಏನಿಲ್ಲ, ನೀವು ಎಣಿಸಿ" ಎಂದಳು ಚೂಟಿ.

ಹೊರಗೆ ದೊಡ್ಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಒಳಗೆ ಇಸ್ತ್ರಿ "ಮೂರು" ಎಂದ.